ರೇಷ್ಮೆ ಎಲೆಯ ರಾಮ

ಬಟ್ಟೆ ಕಂಡರೆ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಉಜ್ಜಿ ನೋಡುವುದು ನನ್ನ ಚಾಳಿ. ರಾಣೇಬೆನ್ನೂರಿನಲ್ಲಿ ಮೂವತ್ತೈದು ವರ್ಷದಿಂದ ಸೀರೆ ಅಂಗಡಿ ಇಟ್ಟುಕೊಂಡವನಿಗೆ ಇದು ಇರಬೇಕಾದದ್ದೇ ಎಂದು ನೀವು ಹೇಳಬಹುದು. ಆದರೆ ನನ್ನ ಬೆರಳುಗಳಿಗೆ ಅಂಗಡಿಯ ಒಳಗೆ, ಹೊರಗೆ ಎಂಬ ಭೇದವಿಲ್ಲ. ಮದುವೆ ಮನೆಯಲ್ಲಿ ಬೀಗರ ಶಲ್ಯ, ದವಾಖಾನೆಯಲ್ಲಿ ಡಾಕ್ಟರರ ಪರದೆ, ಏನು ಸಿಕ್ಕರೂ ಉಜ್ಜುತ್ತವೆ. ಒಮ್ಮೆ ಹಾವೇರಿಯ ಬಸ್ಸಿನಲ್ಲಿ ಪಕ್ಕ ಕುಳಿತಿದ್ದ ಅಗಡಿಯ ಹಿರಿಯರೊಬ್ಬರು ತಮ್ಮ ಧೋತರದ ಅಂಚನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು, "ಇದು ಮಾರೂದಲ್ರೀ, ಉಟ್ಟಿದ್ದು" ಎಂದರು. ಬಸ್ಸಿಗೆ ಬಸ್ಸೇ ನಕ್ಕಿತು. ನನ್ನ ಹೆಂಡತಿ ಮಾತ್ರ ಕಿಟಕಿಯಾಚೆ ನೋಡುತ್ತ, ನಾನು ಯಾರೋ ಏನೋ ಎಂಬಂತೆ ಕುಳಿತಿದ್ದಳು.

ಈಗ ನಾಲ್ಕು ತಿಂಗಳಿಂದ ಆ ಚಾಳಿ ಬಿಟ್ಟುಹೋಗಿದೆ. ಬಿಡಿಸಿದವರು ಯಾರೂ ಇಲ್ಲ, ತಾನಾಗಿಯೇ ಬಿಟ್ಟಿತು. ಗಿರಾಕಿಗಳು "ಇದು ಖರೇ ರೇಷ್ಮೀನ?" ಎಂದು ಕೇಳಿದರೆ ಅಂಗಡಿಯ ಹುಡುಗಿಯರ ಕಡೆ ಕೈ ತೋರಿಸುತ್ತೇನೆ. ರೇಷ್ಮೆ ಮುಟ್ಟಲು ಮನಸ್ಸಾಗುವುದಿಲ್ಲ. ಮುಟ್ಟಿದರೆ ಗೋದಾ ಮೌಶಿಯ ನೆನಪಾಗುತ್ತದೆ, ಅದರ ಹಿಂದೆಯೇ ನನ್ನ ಮೇಲೆ ನನಗೇ ಹೇಸಿಕೆ ಬರುತ್ತದೆ. ಗೋದಾ ಮೌಶಿ ಎಂದರೆ ನನ್ನ ತಾಯಿಯ ತಂಗಿ. ಹಾವೇರಿಯಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ವಯಸ್ಸು ಎಪ್ಪತ್ತೈದರ ಆಚೀಚೆ. ನಾನು ಅರವತ್ತರ ಹೊಸ್ತಿಲಲ್ಲಿ ನಿಂತಿದ್ದರೂ ಅವಳಿಗೆ ಇನ್ನೂ ಶೀನ್ಯಾ.

ಈ ಬೆರಳಿನ ಚಾಳಿ ನನಗೆ ಅಂಗಡಿಯಿಂದ ಬಂದದ್ದಲ್ಲ, ಇಸ್ಪೀಟಿನಿಂದ ಬಂದದ್ದು. ಇಸ್ಪೀಟು ಎಂದೊಡನೆ ಪಂಚಾಯಿತಿ ಕಟ್ಟೆಯ ಹಿಂದೆ ಚಪ್ಪಲಿ ಹಾಸಿಕೊಂಡು ಕುಳಿತ ಮಂದಿಯನ್ನು ನೆನಸಿಕೊಳ್ಳಬೇಡಿ. ನಮ್ಮ ಅಜ್ಜಿಯ ಮನೆಯಲ್ಲಿದ್ದದ್ದು ಗಂಜೀಫಾ. ನೂರಾ ಇಪ್ಪತ್ತು ದುಂಡು ಎಲೆಗಳು. ಹತ್ತು ಅವತಾರಕ್ಕೆ ಹತ್ತು ಬಣ, ಒಂದೊಂದು ಬಣಕ್ಕೆ ಹನ್ನೆರಡು ಎಲೆ. ರಾಜ, ಪ್ರಧಾನ, ಆಮೇಲೆ ಒಂದರಿಂದ ಹತ್ತು. ಮತ್ಸ್ಯನಿಗೆ ಮೀನು, ವರಾಹನಿಗೆ ಶಂಖ, ನರಸಿಂಹನಿಗೆ ಚಕ್ರ, ವಾಮನನಿಗೆ ಕಮಂಡಲ, ರಾಮನಿಗೆ ಬಾಣ, ಹೀಗೆ ಬಣಕ್ಕೊಂದು ಗುರುತು. ಅಂಗೈಯಲ್ಲಿ ಮುಚ್ಚಿದರೆ ಕಾಣದಷ್ಟು ಅಗಲ.

ಇಷ್ಟಾದರೆ ಬೇರೆ ಮನೆಗಳಲ್ಲೂ ಇದ್ದಿರಬಹುದು. ನಮ್ಮವು ಬಟ್ಟೆಯವು. ನಮ್ಮ ಅಜ್ಜಿ ಮೇಡ್ಲೇರಿಯ ಮಗಳು. ಅವಳ ಅಪ್ಪ ಹೊಳೆಯಾಚೆಯಿಂದ ಒಬ್ಬ ಚಿತ್ರಗಾರನನ್ನು ಕರೆಸಿ, ಒಂದು ವರ್ಷ ಮನೆಯಲ್ಲಿಟ್ಟುಕೊಂಡು, ಮಗಳ ಮದುವೆಗೆಂದು ಮಾಡಿಸಿದ್ದನಂತೆ. ಒಳಗೆ ಆ ಅಪ್ಪನದೇ ಹಳೆಯ ಮಲ್ಮಲ್ ರುಮಾಲು, ಹುಣಸೆಬೀಜದ ಅಂಟು ಹಚ್ಚಿ ಪದರಪದರವಾಗಿ ಕೂಡಿಸಿದ್ದು. ಮೇಲೆ ರೇಷ್ಮೆ. ರೇಷ್ಮೆ ಎಲ್ಲಿಯದು ಅಂದರೆ, ಮನೆಯ ಹೆಂಗಸರು ಉಟ್ಟು ಹಳೆಯದಾದ ಪತ್ತಲಗಳದು. ಮತ್ಸ್ಯನಿಗೆ ಇಳಕಲ್ಲಿನ ಹಸಿರು, ಕೃಷ್ಣನಿಗೆ ಯಾರೋ ಮುತ್ತಜ್ಜಿಯ ಕಡುನೀಲಿ, ಕಲ್ಕಿಗೆ ಕಪ್ಪು ಚಂದ್ರಕಾಳಿ, ರಾಮನಿಗೆ ಅಜ್ಜಿಯ ತಾಯಿಯ ಮದುವೆಯ ಗಿಳಿಹಸಿರು. ರಾಜರ ಎಲೆಗಳ ಸುತ್ತ ಕೂದಲೆಳೆಯಂಥ ಜರಿ. ಬೆನ್ನಿಗೆ ಮಾತ್ರ ನೂರಾ ಇಪ್ಪತ್ತಕ್ಕೂ ಒಂದೇ ಕಾವಿ ಬಣ್ಣ. ಬೇರೆ ಮನೆಯ ಎಲೆಗಳಿಗೆ ಅರಗಿನ ಲೇಪ ಇರುತ್ತದೆ. ನಮ್ಮ ಮುತ್ತಾತ ಅರಗು ಬೇಡವೆಂದನಂತೆ. ಹೆಣ್ಣುಮಕ್ಕಳು ಆಡುವಾಗ ತಮ್ಮ ತಾಯಿ, ಅಜ್ಜಿಯರ ಸೀರೆ ಕೈಗೆ ತಾಕಲಿ ಎಂದನಂತೆ. ಅರಗು ಇದ್ದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಆಟ ಸುಲಭದ್ದಲ್ಲ. ಮೂವರು ಬೇಕು. ಬಿಳಿ ಬಟ್ಟೆ ಹಾಸಿ, ಎಲೆಗಳನ್ನು ಬೋರಲು ಹಾಕಿ, ಅನ್ನ ಕಲೆಸುವಂತೆ ಎರಡೂ ಕೈಯಿಂದ ಕಲೆಸಿ, ತಲೆಗೆ ನಲವತ್ತು ಹಂಚಿಕೊಳ್ಳಬೇಕು. ಯಾವ ಎಲೆ ಇಳಿಯಿತು, ಯಾವುದು ಉಳಿಯಿತು ಎಂದು ನೂರಾ ಇಪ್ಪತ್ತನ್ನೂ ತಲೆಯಲ್ಲಿ ಇಟ್ಟುಕೊಂಡವರು ಗೆಲ್ಲುತ್ತಾರೆ. ಮೊದಲ ಎಲೆ ಯಾರು ಇಳಿಸಬೇಕು ಎಂಬುದಕ್ಕೆ ಒಂದು ಚೆಂದದ ನಿಯಮವಿದೆ. ಹಗಲಾದರೆ ರಾಮರಾಜ ಯಾರ ಕೈಗೆ ಬಂದಿದ್ದಾನೋ ಅವರು. ರಾತ್ರಿಯಾದರೆ ಕೃಷ್ಣ. ಸಂಜೆ ಮಬ್ಬಾಗಿದ್ದರೆ ನರಸಿಂಹ. ಮಳೆ ಬರುತ್ತಿದ್ದರೆ ಕೂರ್ಮ. ಆದ್ದರಿಂದ ಆಟಕ್ಕೆ ಮುಂಚೆ ಒಬ್ಬರು "ಹಗಲೋ ರಾತ್ರಿಯೋ?" ಎಂದು ಕೇಳಬೇಕು, ಕಿಟಕಿಯಲ್ಲಿ ಬಿಸಿಲು ಧಗಧಗಿಸುತ್ತಿದ್ದರೂ ಕೇಳಬೇಕು. ಇನ್ನೊಬ್ಬರು ಉತ್ತರ ಕೊಡಬೇಕು. ಆಮೇಲೆ "ರಾಮ ಯಾರ ಕಡೆ ಇದ್ದಾನ?" ಎಂಬ ಪ್ರಶ್ನೆ. ಅವನು ಬಿಳಿ ಬಟ್ಟೆಯ ಮೇಲೆ ಇಳಿಯುವವರೆಗೆ ಆಟ ಶುರುವಾಗುವಂತಿಲ್ಲ.

ಅಜ್ಜಿ, ನನ್ನ ತಾಯಿ, ಗೋದಾ ಮೌಶಿ ಮೂವರೂ ಊಟವಾದ ಮೇಲೆ ಪಡಸಾಲೆಯಲ್ಲಿ ಕುಳಿತರೆ ನನಗೆ ಚಾಪೆಯ ಅಂಚಿನಲ್ಲಿ ಒಂದು ಗೇಣು ಜಾಗ. ಮುಟ್ಟುವಂತಿಲ್ಲ. ಹತ್ತು ವರ್ಷ ತುಂಬಲಿ ಎಂದಿದ್ದರು. ನನಗೆ ಆಗ ಏಳು. ಇನ್ನೂ ಮೂರು ವರ್ಷ ಎಂದರೆ ಏಳು ವರ್ಷದವನಿಗೆ ಅರ್ಧ ಆಯುಷ್ಯ. ಒಂದು ಮಧ್ಯಾಹ್ನ ಎಲೆಗಳನ್ನು ಕಲೆಸುವಾಗ ಅಜ್ಜಿ ಎಲೆ ಅಡಿಕೆಯ ಡಬ್ಬಿಗೆ ತಿರುಗಿದಳು. ನಾನು ರಾಶಿಯ ಕೆಳಗೆ ಕೈ ತೂರಿಸಿದೆ. ಬೋರಲು ಬಿದ್ದ ಎಲೆಗಳ ಮುಖವನ್ನು ಬೆರಳಿನಿಂದ ಸವರುತ್ತ ಹೋದೆ. ಗಿಳಿಹಸಿರಿನ ಆ ಪತ್ತಲ ಉಳಿದವಕ್ಕಿಂತ ನುಣುಪು ಎಂದು ಅಜ್ಜಿ ಹೇಳಿದ್ದನ್ನು ಕೇಳಿದ್ದೆ. ಹಾಗೆಯೇ ಇತ್ತು, ಕಲ್ಲುಸಕ್ಕರೆ ನೆಕ್ಕಿದ ಮೇಲೆ ಆಗುತ್ತದಲ್ಲ, ಹಾಗೆ. ಸುತ್ತ ಜರಿ ತಾಕಿತು. ಎಳೆದು ತೊಡೆಯ ಕೆಳಗೆ ಇಟ್ಟುಕೊಂಡೆ.

ಹಂಚಿದಾಗ ತಾಯಿಯ ಕೈಯಲ್ಲಿ ಮೂವತ್ತೊಂಬತ್ತು. ಹಂಚಿದ್ದು ತಪ್ಪಿರಬೇಕೆಂದು ಎಣಿಸಿದರು, ಮತ್ತೆ ಎಣಿಸಿದರು.

"ರಾಮ ಯಾರ ಕಡೆ ಇದ್ದಾನ?" ಅಜ್ಜಿ ಕೇಳಿದಳು.

"ನನ್ನ ಕಡೆ ಇಲ್ಲ."

"ನನ್ನ ಕಡೀನೂ ಇಲ್ಲ ಅವ್ವಾ."

ಅಜ್ಜಿಯ ಮುಖ ಬಿಳಚಿತು. ಚಾಪೆ ಎತ್ತಿ ಕೊಡವಿದಳು, ಸೆರಗು ಕೊಡವಿದಳು, ಕೊನೆಗೆ ದೇವರ ಕೋಣೆಯ ಕಡೆ ತಿರುಗಿ ಕಣ್ಣಲ್ಲಿ ನೀರು ತಂದುಕೊಂಡಳು. ಮನೆಯಿಂದ ರಾಮನೇ ಎದ್ದುಹೋದನಲ್ಲ ಎಂದು ಅವಳ ಸಂಕಟ. ನನಗೆ ಹೆದರಿಕೆಯಾಯಿತು. ಕೊಡಬೇಕೆಂದರೆ ಈಗ ಕೊಡುವುದು ಹೇಗೆ? ಆಗ ಗೋದಾ ಮೌಶಿ ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. ಅವಳಿಗಿನ್ನೂ ಮದುವೆಯಾಗಿ ಎರಡೋ ಮೂರೋ ವರ್ಷ.

"ಶೀನ್ಯಾ, ಎದ್ದೇಳು."

ಎದ್ದೆ. ಬೇಸಗೆಯ ಬೆವರಿಗೆ ರಾಮ ತೊಡೆಗೆ ಅಂಟಿಕೊಂಡೇ ಎದ್ದ. ನಾನು ಹಿಂದೆ ತಿರುಗಿ ನೋಡುತ್ತೇನೆ, ಕಾಣುವುದಿಲ್ಲ. ಮುಂದೆ ತಿರುಗುತ್ತೇನೆ, ಅವನೂ ತಿರುಗುತ್ತಾನೆ. ತಾಯಿ ಹೊಡೆಯಲು ಕೈ ಎತ್ತಿದವಳು ನಗು ತಡೆಯಲಾರದೆ ಕುಳಿತುಬಿಟ್ಟಳು. ಮೌಶಿ ಎಲೆಯನ್ನು ಮೆಲ್ಲಗೆ ಬಿಡಿಸಿ ತೆಗೆದು, "ಬೋರಲ ಬಿದ್ದ ಎಲಿಯೊಳಗ ರಾಮ ಇದ ಅಂತ ಹೆಂಗ ಗೊತ್ತಾತೋ?" ಎಂದು ಕೇಳಿದಳು. ಬೆರಳು ತೋರಿಸಿದೆ. "ಕಳ್ಳ ಬೆರಳು. ಆದ್ರ ಶಾಣ್ಯಾ ಬೆರಳು" ಎಂದಳು. ತೊಡೆ ತೊಳೆಸಿ, ರಾಮನಿಗೆ ನಮಸ್ಕಾರ ಹಾಕಿಸಿ, ಆ ದಿನವೇ ತನ್ನ ಪಕ್ಕಕ್ಕೆ ಕೂಡಿಸಿಕೊಂಡಳು. ಹತ್ತು ವರ್ಷದ ಕಟ್ಟಳೆ ಅಲ್ಲಿಗೆ ಮುಗಿಯಿತು. ರಾಮನ ಎಲೆಯ ಒಂದು ಅಂಚಿನಲ್ಲಿ ನನ್ನ ಬೆವರಿನ ಕಲೆ ಮಾತ್ರ ಉಳಿಯಿತು. ಕಡಲೆಕಾಳಿನಷ್ಟು. ಆಮೇಲೆ ಐವತ್ತು ವರ್ಷ ಆ ಎಲೆ ಕೈಗೆ ಬಂದಾಗಲೆಲ್ಲ ಮೌಶಿ ಕಲೆಯ ಮೇಲೆ ಹೆಬ್ಬೆರಳಿಟ್ಟು ನನ್ನ ಕಡೆ ನೋಡುತ್ತಿದ್ದಳು.

ಅಜ್ಜಿ ಹೋದಳು, ತಾಯಿ ಹೋದಳು. ಎಲೆಯ ಪೆಟ್ಟಿಗೆ ಮೌಶಿಯ ಮನೆಗೆ ಬಂತು. ಮೌಶಿಯ ಸೊಸೆ ವೀಣಾ ಹಾವೇರಿಯ ಒಂದು ಶಾಲೆಯಲ್ಲಿ ಮಾಸ್ತರಿಣಿ. ಅವಳು ಆಟ ಕಲಿತದ್ದರಿಂದ ಮೂರನೆಯ ಕೈಗೆ ಕೊರತೆಯಾಗಲಿಲ್ಲ. ಮೌಶಿಯ ಮಗನಿಗೆ ಇದು ಹಿಡಿಸಲಿಲ್ಲ. ದಿನಾ ಹುಬ್ಬಳ್ಳಿಗೆ ಓಡಾಡುವ ನೌಕರಿಯವನು, ಭಾನುವಾರ ಮಲಗುತ್ತಾನೆ. ನಾನು ಭಾನುವಾರ ಮಧ್ಯಾಹ್ನ ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ಬಸ್ಸು ಹತ್ತುತ್ತಿದ್ದೆ. ಅದಕ್ಕೆ ಅವಳೊಡನೆ ಜಗಳ, ಅದು ಎಲ್ಲಾ ಮನೆಯಲ್ಲೂ ಆಗುತ್ತದೆ, ಬಿಡಿ.

ಮೂರು ವರ್ಷದ ಹಿಂದೆ ಮೌಶಿಗೆ ಮರೆವು ಶುರುವಾಯಿತು. ಮೊದಲು ಕನ್ನಡಕ, ಆಮೇಲೆ ಹಾಲಿನ ಪಾತ್ರೆ, ಆಮೇಲೆ ಮನುಷ್ಯರು. ಹನ್ನೆರಡು ವರ್ಷದ ಹಿಂದೆ ತೀರಿಕೊಂಡ ಗಂಡ, ನಮ್ಮ ಕಾಕಾ, ಇನ್ನೂ ಊಟಕ್ಕೆ ಬಂದಿಲ್ಲವೆಂದು ತಟ್ಟೆ ಮುಚ್ಚಿಟ್ಟು ಕುಳಿತುಕೊಳ್ಳುತ್ತಿದ್ದಳು. ವೀಣಾಳನ್ನು "ಏ ಬಾಯಿ, ನೀ ಯಾರ ಪೈಕಿ?" ಎಂದು ಕೇಳುತ್ತಿದ್ದಳು. ಅವಳಿಗೆ ತಲೆ ಬಾಚಿ, ಊಟ ಮಾಡಿಸಿ, ಶಾಲೆಗೆ ಓಡುವ ಹೆಣ್ಣು ಇದನ್ನು ದಿನಕ್ಕೆ ಹತ್ತು ಸಲ ಕೇಳಿಸಿಕೊಳ್ಳಬೇಕು.

ಆದರೆ ಎಲೆ ಕೈಗೆ ಬಂದರೆ ಮೌಶಿ ಬೇರೆ. ಕಣ್ಣು ಮಂಜಾಗಿದ್ದರೂ ಹೆಬ್ಬೆರಳಿನಿಂದಲೇ ಪತ್ತಲ ಗುರುತು ಹಿಡಿಯುತ್ತಿದ್ದಳು. "ಶಂಖದ ನಾಲ್ಕು ಹೋತು. ಚಕ್ರದ ಪ್ರಧಾನ ಇನ್ನೂ ಹೊರಗ ಅದ. ಶೀನ್ಯಾ, ಅದು ನಿನ್ನ ಕಡೆ ಅದ, ಸುಮ್ಮನ ಇಳಿಸು" ಎನ್ನುತ್ತಿದ್ದಳು. ಒಂದು ಎಲೆಯೂ ತಪ್ಪುತ್ತಿರಲಿಲ್ಲ. ಆಟದ ನಡುವೆ "ವೀಣಾ, ಒಂದೀಟು ನೀರು ಕೊಡವಾ" ಎಂದು ಹೆಸರು ಹಿಡಿದು ಕರೆಯುತ್ತಿದ್ದಳು. "ಹಗಲೋ ರಾತ್ರಿಯೋ?" ಎಂದು ಅವಳು ಕೇಳಿದಾಗ, ನಿಯಮಕ್ಕೆ ಕೇಳಿದಳೋ ನಿಜವಾಗಿಯೇ ಗೊತ್ತಿಲ್ಲದೆ ಕೇಳಿದಳೋ ನಮಗೆ ತಿಳಿಯುತ್ತಿರಲಿಲ್ಲ. ಆಟದಲ್ಲಿ ಎರಡೂ ಒಂದೇ ಆಗುತ್ತಿತ್ತು. ಒಮ್ಮೆ ನನ್ನನ್ನು ಬಸ್ಸಿಗೆ ಬಿಡಲು ಬಂದ ವೀಣಾ, "ಭಾವಾ, ವಾರಕ್ಕ ಎರಡು ತಾಸು ನನಗ ನನ್ನ ಅತ್ತಿ ಸಿಗ್ತಾರ. ನೀವು ಭಾನುವಾರ ತಪ್ಪಿಸಬ್ಯಾಡ್ರಿ" ಎಂದಳು. ನಾನು ತಪ್ಪಿಸಲಿಲ್ಲ. ನಾನು ಮಾಡಿದ್ದು ಅದಕ್ಕಿಂತ ದೊಡ್ಡ ಕೆಲಸ.

ಹೋದ ಜೂನಿನಲ್ಲಿ ವೀಣಾ ಚಕ್ರದ ಮೂರನ್ನು ಬೆಳಕಿಗೆ ಹಿಡಿದು ತೋರಿಸಿದಳು. ಸೂಜಿಮೊನೆಯಷ್ಟು ಎರಡು ತೂತು. ಹುಣಸೆಬೀಜದ ಅಂಟೆಂದರೆ ಹುಳಕ್ಕೆ ಹಬ್ಬ. ಅಷ್ಟರಲ್ಲಿ ಮಳೆಗಾಲ ಬೇರೆ, ಗೋಡೆಗೆ ಥಂಡಿ ಏರುತ್ತಿತ್ತು. "ನೀವು ಬಟ್ಟೀ ಮಂದಿ, ನಿಮಗ ತಿಳೀತದ. ಏನರೆ ಮಾಡ್ರಿ" ಎಂದಳು. ಇಷ್ಟು ಸಾಕಾಯಿತು ನನಗೆ. ಬಟ್ಟೆಯ ವಿಷಯದಲ್ಲಿ ಯಾರಾದರೂ ನನ್ನನ್ನು ಬಲ್ಲವನೆಂದರೆ ನನ್ನ ಎದೆ ಎರಡು ಬೆರಳು ಅಗಲವಾಗುತ್ತದೆ. ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಎದ್ದೆ. ಮೌಶಿ ನೋಡುತ್ತಲೇ ಇದ್ದಳು. "ಎಲ್ಲೆ ಒಯ್ಲಿಕ್ಕತ್ತೀ?" ಎಂದಳು. "ಹುಳ ಆಗ್ಯಾವ ಮೌಶಿ, ಹಸನ ಮಾಡಿಸಿಕೊಂಡು ಬರ್ತೀನಿ" ಎಂದೆ. "ಲಗೂ ಬಾ" ಎಂದಳು.

ಬ್ಯಾಡಗಿಯಲ್ಲಿ ನನ್ನ ಹೈಸ್ಕೂಲಿನ ಗೆಳೆಯ ಬಸಣ್ಣನದೊಂದು ಕೋಲ್ಡ್ ಸ್ಟೋರೇಜ್ ಇದೆ. ಮೆಣಸಿನಕಾಯಿ ಅಲ್ಲಿ ವರ್ಷವಿಟ್ಟರೂ ಬಣ್ಣ ಕುಂದುವುದಿಲ್ಲ, ಹುಳ ಹತ್ತುವುದಿಲ್ಲ. ಕಾಯಿ ಉಳಿಯುವುದಾದರೆ ರೇಷ್ಮೆ ಯಾಕೆ ಉಳಿಯಬಾರದು? ಮಳೆಗಾಲ ಮುಗಿಯುವವರೆಗೆ ಅಲ್ಲಿಟ್ಟರೆ ಹುಳವೂ ಸಾಯುತ್ತದೆ, ಥಂಡಿ ಗೋಡೆಯ ಕಾಟವೂ ತಪ್ಪುತ್ತದೆ. ಇಂಥ ವಿಚಾರ ಬಂದದ್ದಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಬಸಣ್ಣ ಬೇಡವೆನ್ನಲಿಲ್ಲ. "ಒಂದು ಮಾತು ನೆನಪಿಡು. ಥಂಡ್ಯಾಗಿಂದ ಹೊರಗ ತಂದ ಮಾಲು ಬೆವರತೈತಿ. ಒಯ್ದ ಕೂಡ್ಲೆ ಬಿಚ್ಚಿ ನೆಳ್ಳಾಗ ಹರವು. ಗಂಟು ಕಟ್ಟಿ ಇಟ್ಟೀಯಂದ್ರ ಕೆಟ್ಟು ಹೋಗತೈತಿ" ಎಂದ. ಅಷ್ಟೂ ತಿಳಿಯದವನೇನು ನಾನು ಎಂದೆ.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಅಜ್ಜಿಯ ನೆನಪಾಯಿತು. ಅವಳು ಪತ್ತಲದ ಪೆಟ್ಟಿಗೆಯಲ್ಲಿ ಒಣಮೆಣಸಿನಕಾಯಿ ಇಡುತ್ತಿದ್ದಳು, ಹುಳ ಬಾರದಿರಲೆಂದು. ಈ ಕಡೆಯ ಎಷ್ಟೋ ಮನೆಗಳಲ್ಲಿ ಈಗಲೂ ಇಡುತ್ತಾರೆ. ಡಾಂಬರ ಗುಳಿಗೆ ಹಾಕಿದರೆ ಮೌಶಿಗೆ ವಾಸನೆ ಆಗದು. ಬಸಣ್ಣನ ಮೇಜಿನ ಮೇಲೆ ಕಾಯಿಯ ಮಾದರಿ ರಾಶಿ ಇತ್ತು, ಬಂದವರಿಗೆ ತೋರಿಸಲು ಎಣ್ಣೆಗೈ ಸವರಿ ಮಿರುಗಿಸಿದ್ದು. "ಒಂದು ಹಿಡಿ ತಗೋತೀನೋ" ಎಂದೆ. ಅಡುಗೆಗೆಂದು ತಿಳಿದು, "ಎರಡು ಹಿಡಿ ತಗೋ ಮಾರಾಯಾ" ಎಂದ. ಎರಡು ಹಿಡಿ ತೆಗೆದುಕೊಂಡೆ. ಪೆಟ್ಟಿಗೆಯಲ್ಲಿ ಎಲೆಗಳ ನಡುನಡುವೆ, ಒಂದೂ ಅವತಾರವನ್ನು ಬಿಡದೆ, ಕೈಯಾರೆ ಇಟ್ಟೆ. ಮೇಲೆ ಪ್ಲಾಸ್ಟಿಕ್ ಚೀಲ ಹಾಕಿ ಬಾಯಿ ಬಿಗಿದು ಕಟ್ಟಿದೆ.

ಅಜ್ಜಿ ಇಡುತ್ತಿದ್ದದ್ದು ಹಿತ್ತಲಿನ ಸಣ್ಣ ಚುರುಕು ಕಾಯಿ, ಅದೂ ಅರಿವೆಯಲ್ಲಿ ಗಂಟು ಕಟ್ಟಿ, ಪೆಟ್ಟಿಗೆಯ ಮೂಲೆಯಲ್ಲಿ. ಬ್ಯಾಡಗಿ ಕಾಯಿಯಲ್ಲಿ ಖಾರ ಕಡಿಮೆ, ಬಣ್ಣವೇ ಎಲ್ಲ. ಇದು ಈ ಸೀಮೆಯ ಶಾಲೆಯ ಮಕ್ಕಳಿಗೂ ಗೊತ್ತು. ಹುಟ್ಟಿದಾಗಿನಿಂದ ಅದೇ ಕಾಯಿಯ ಚಟ್ನಿ ತಿಂದು ಬೆಳೆದ ನನಗೆ ಆ ಹೊತ್ತಿನಲ್ಲಿ ಹೊಳೆಯಲಿಲ್ಲ.

ನಾಲ್ಕು ತಿಂಗಳು ಎಲೆಗಳು ಬ್ಯಾಡಗಿಯಲ್ಲಿದ್ದವು. ನಾನು ಭಾನುವಾರ ಬರಿಗೈಯಲ್ಲಿ ಹಾವೇರಿಗೆ ಹೋಗುತ್ತಿದ್ದೆ. ಮೌಶಿ ಬಿಳಿ ಬಟ್ಟೆ ಹಾಸಿಕೊಂಡು ಕುಳಿತಿರುತ್ತಿದ್ದಳು.

"ಎಲಿ ಎಲ್ಲೆ?"

"ಬ್ಯಾಡಗಿಯೊಳಗ ಅವ ಮೌಶಿ, ತಂಪಿನೊಳಗ."

"ಬ್ಯಾಡಗಿಗೆ ಯಾಕ ಹೋದ್ವು? ನಾ ಯಾರಿಗೂ ಕೊಟ್ಟಿಲ್ಲ."

ಶ್ರಾವಣದ ಹೊತ್ತಿಗೆ ವೀಣಾಳ ಹೆಸರು ಪೂರ್ತಿ ಹೋಯಿತು. ಆಮೇಲೆ ನಾನು ಕಾಕಾ ಆದೆ, "ಊಟಕ್ಕ ಇಷ್ಟು ಹೊತ್ತು ಮಾಡೋದೇನು?" ಎಂದು ಸಿಡುಕುತ್ತಿದ್ದಳು. ಅನ್ನ ಬಾಯಿಗೆ ಇಟ್ಟುಕೊಂಡರೆ ನುಂಗಬೇಕೆಂದು ಹೇಳಬೇಕಾಯಿತು. ಕೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ಸೆರಗಿನ ತುದಿಯನ್ನು ಹಿಡಿದು ಹೆಬ್ಬೆರಳಿನಿಂದ ಉಜ್ಜುತ್ತಲೇ ಇರುತ್ತಿದ್ದಳು. ಒಂದು ಭಾನುವಾರ ವೀಣಾ ಅಡುಗೆಮನೆಯಲ್ಲಿ ನಿಂತು, "ಎಲಿ ತಂದುಬಿಡ್ರಿ ಭಾವಾ. ಹುಳ ತಿಂದರ ತಿನ್ನಲಿ" ಎಂದಳು. "ಇನ್ನೊಂದಿಷ್ಟು ದಿನ, ಮಳಿ ಮುಗೀಲಿ. ಎಲಿ ಬಂದ್ವಂದ್ರ ಮೌಶಿ ಮೊದಲಿನಂಗ ಆಗ್ತಾಳ" ಎಂದು ನಾನೇ ಅವಳಿಗೆ ಧೈರ್ಯ ಹೇಳಿ ಬಂದೆ.

ಮಹಾನವಮಿಗೆ ಮುಂಚೆ ಪೆಟ್ಟಿಗೆ ತಂದೆ. ಹಬ್ಬದ ವ್ಯಾಪಾರದ ದಿನಗಳು, ಅಂಗಡಿಯಲ್ಲಿ ನಿಲ್ಲಲು ಜಾಗವಿಲ್ಲ. ಕಟ್ಟಿದ ಚೀಲವನ್ನು ಕಟ್ಟಿದ ಹಾಗೆಯೇ ಹಣದ ಗಲ್ಲೆಯ ಕೆಳಗೆ ತಳ್ಳಿದೆ. ಸಂಜೆ ಬಿಚ್ಚಿದರಾಯಿತು ಎಂದುಕೊಂಡೆ. ಆ ಸಂಜೆ ಆಗಲಿಲ್ಲ, ಮರುದಿನವೂ ಆಗಲಿಲ್ಲ. ಮೂರನೆಯ ದಿನ, ಒಬ್ಬ ಹೆಣ್ಣುಮಗಳಿಗೆ ಗಿಳಿಹಸಿರು ಪತ್ತಲ ಬಿಡಿಸಿ ತೋರಿಸುತ್ತಿದ್ದಾಗ ನೆನಪಾಯಿತು.

ಚೀಲದ ಒಳಗೆಲ್ಲ ನೀರ ಹನಿ. ಪೆಟ್ಟಿಗೆಯ ಮುಚ್ಚಳ ಉಬ್ಬಿ ಏಳಲೊಲ್ಲದು. ಎದ್ದಾಗ ಮೊದಲು ಹೊಡೆದದ್ದು ಹುಳಿಮುಗ್ಗಿನ ವಾಸನೆ. ಕಾಯಿಗಳೆಲ್ಲ ಮೆತ್ತಗಾಗಿ ಒಡೆದಿದ್ದವು. ಎಣ್ಣೆಯ ಜೊತೆ ಬಣ್ಣ ಇಳಿದು ರೇಷ್ಮೆಯನ್ನು ಹೊಕ್ಕಿತ್ತು. ಹಸಿರು, ನೀಲಿ, ಕಪ್ಪು ಯಾವುದೂ ಇಲ್ಲ, ಎಲ್ಲ ಒಂದೇ ಕೆಂಪು. ಅಂಟು ಕರಗಿ ಎಲೆಗೆ ಎಲೆ ಕೂಡಿಕೊಂಡಿತ್ತು. ಬಿಡಿಸಹೋದರೆ ರೇಷ್ಮೆ ಸಿಪ್ಪೆಯಾಗಿ ಕೈಗೆ ಬಂತು. ಬಂದ ರೇಷ್ಮೆಯ ಕೆಳಗೆ ಮುತ್ತಾತನ ರುಮಾಲು ನೆನೆದ ರೊಟ್ಟಿಯ ಹಾಗೆ ಉಬ್ಬಿತ್ತು. ಗಿರಾಕಿಗಳ ಮುಂದೆಯೇ ಅತ್ತೆ. ಅವರೆಲ್ಲ ನನಗೆ ಮೆಣಸಿನಕಾಯಿಯ ಘಾಟು ಹತ್ತಿತೆಂದು ತಿಳಿದರು. ಒಬ್ಬಾಕೆ ನೀರು ತಂದುಕೊಟ್ಟಳು.

ಬಸಣ್ಣನಿಗೆ ಫೋನ್ ಮಾಡಿ ಹೇಳಿದೆ. ಅವನು, "ನಮ್ಮ ಕಾಯಿಗೆ ಹುಳ ಯಾಕ ಅಂಜತೈತೋ? ಅದರಾಗ ಬಣ್ಣ ಬಿಟ್ಟು ಏನೈತಿ? ನನಗ ಒಂದು ಮಾತು ಕೇಳಿದ್ದರ..." ಎಂದು ಅರ್ಧಕ್ಕೇ ನಿಲ್ಲಿಸಿದ. ತಮಾಷೆಯೆಂದರೆ, ಚಕ್ರದ ಮೂರರಲ್ಲಿದ್ದ ಹುಳ ಸತ್ತಿರಲಿಲ್ಲ. ಇನ್ನೂ ನಾಲ್ಕು ತೂತು ಕೊರೆದಿತ್ತು.

ಮಾಡದ ಉಪಾಯವಿಲ್ಲ. ನಮ್ಮ ಊರಿನ ಬಟ್ಟೆ ತೊಳೆಯುವ ಜಾಣನೊಬ್ಬ ಒಂದು ಎಲೆಯನ್ನು ಅದೇನೋ ದ್ರಾವಣದಲ್ಲಿ ಅದ್ದಿದ. ಕೆಂಪು ಹೋಯಿತು, ಜೊತೆಗೆ ಚಿತ್ರವೂ ಹೋಯಿತು. ಫೋನಿನಲ್ಲಿ ಹುಡುಕಿ ಅಚ್ಚಿನ ದಶಾವತಾರದ ಎಲೆ ತರಿಸಿದೆ. ದಪ್ಪ ಕಾಗದ, ಮೇಲೆ ಹೊಳಪು. ಮೌಶಿಯ ಕೈಗೆ ಕೊಟ್ಟೆ. ಅವಳು ಒಂದೊಂದನ್ನೇ ಹೆಬ್ಬೆರಳಿನಿಂದ ಸವರಿದಳು, ಹತ್ತು ಹನ್ನೆರಡಾದ ಮೇಲೆ ಜೋಡಿಸಿ ನನ್ನ ಕೈಗೆ ವಾಪಸು ಇಟ್ಟಳು. "ಯಾರದೋ ಮನೀವು ಬಂದಾವ ನೋಡ್ರಿ. ಕೊಟ್ಟು ಬರ್ರಿ, ಪಾಪ ಹುಡುಕ್ಲಿಕ್ಕತ್ತಿರ್ತಾರ" ಎಂದಳು. ಹೊರಗಿನವನೆಂಬಂತೆ ನನಗೆ ರೀ ಹಚ್ಚಿ ಮಾತಾಡಿದ್ದು ಅದೇ ಮೊದಲು.

ನಾನು ವೀಣಾಳಿಗೆ ಎಲ್ಲ ಹೇಳಿದೆ. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಗ್ಯಾಸಿನ ಒಲೆ ಒರೆಸುತ್ತಲೇ ಇದ್ದಳು, ಒರೆಸಿದ್ದನ್ನೇ ಒರೆಸಿದಳು. "ಹೆಂಗ ಇದ್ರೂ ಅವರವೇ ಅವು. ತಂದು ಕೊಟ್ಟುಬಿಡ್ರಿ" ಎಂದಳು.

ಮುಂದಿನ ಭಾನುವಾರ ಒಯ್ದೆ. ಬಿಡಿಸಲು ಬಂದದ್ದು ತೊಂಬತ್ತರಷ್ಟು, ಉಳಿದವು ಗಂಟುಗಂಟಾಗಿ ಹೋಗಿದ್ದವು. ಒಣಗಿಸಿ, ಉಜ್ಜಿ, ಕೈಲಾದಷ್ಟು ದುಂಡಗೆ ಕತ್ತರಿಸಿದ್ದೆ. ಮೌಶಿ ಪಡಸಾಲೆಯಲ್ಲಿ ಬಿಳಿ ಬಟ್ಟೆ ಹಾಸಿಕೊಂಡು ಕುಳಿತಿದ್ದಳು. ಕಿಟಕಿಯಿಂದ ಬಿಸಿಲು ನೇರ ಅದರ ಮೇಲೆ ಬಿದ್ದಿತ್ತು. ಪೆಟ್ಟಿಗೆ ಕಂಡದ್ದೇ ಅವಳ ಮುಖ ಬೇರೆಯಾಯಿತು.

"ಬಂದ್ವೇನು ಬ್ಯಾಡಗಿಯಿಂದ?"

ನಾವು ಮೂವರೂ ಕುಳಿತೆವು. ಅವಳು ಎಲೆಗಳನ್ನು ಬೋರಲು ಸುರಿದು ಎರಡೂ ಕೈಯಿಂದ ಕಲೆಸಿದಳು. ಬಿಳಿ ಬಟ್ಟೆ ಅಲ್ಲಲ್ಲಿ ಕೆಂಪಾಯಿತು. ಮೂರು ಪಾಲು ಹಂಚಿದಳು. ತನ್ನ ಪಾಲನ್ನು ಎದೆಯ ಹತ್ತಿರ ಬಿಡಿಸಿ ಹಿಡಿದು, ನೆಟ್ಟಗೆ ಕುಳಿತು, "ವೀಣಾ" ಎಂದಳು.

ವೀಣಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ವೀಣಾ, ಹಗಲೋ ರಾತ್ರಿಯೋ?"

"ಹಗಲು, ಅತ್ತಿ."

"ಹಗಲಂದ್ರ ರಾಮ ಇಳೀಬೇಕು. ರಾಮ ಯಾರ ಕಡೆ ಇದ್ದಾನ?"

ತಾನೇ ತನ್ನ ಎಲೆಗಳನ್ನು ಒಂದೊಂದಾಗಿ ಸವರತೊಡಗಿದಳು. ಎಲ್ಲೂ ಪತ್ತಲ ಸಿಗಲಿಲ್ಲ. ಬೆರಳಿಗೆ ಸಿಕ್ಕಿದ್ದು ಬರೀ ಗುಳ್ಳೆ ಎದ್ದ ಬಟ್ಟೆ. ಕೊನೆಯದರವರೆಗೆ ಹೋಗಿ ಮತ್ತೆ ಮೊದಲಿನಿಂದ ಬಂದಳು. ನಾನೂ ನನ್ನ ಕೈಯಲ್ಲಿದ್ದವನ್ನು ಸವರಿದೆ. ಜರಿ ಹುಡುಕಿದೆ, ಕಡಲೆಕಾಳಿನಷ್ಟು ಬೆವರಿನ ಕಲೆ ಹುಡುಕಿದೆ. ಐವತ್ತು ವರ್ಷ ರೇಷ್ಮೆ ಮುಟ್ಟಿದ ಬೆರಳಿಗೆ ಒಂದೂ ಗುರುತು ಸಿಗಲಿಲ್ಲ. ಯಾವುದೋ ಒಂದು ಕೆಂಪು ಎಲೆ ತೆಗೆದು, "ಇಲ್ಲೆ ಇದ್ದಾನ ಮೌಶಿ, ನನ್ನ ಕಡೆ" ಎಂದು ಬಟ್ಟೆಯ ಮೇಲೆ ಇಳಿಸಿದೆ.

ಅವಳು ಅದನ್ನು ಎತ್ತಿಕೊಂಡಳು. ಹೆಬ್ಬೆರಳು ಅಂಚಿನ ಸುತ್ತ ಒಂದು ಸಲ ಹೋಗಿ ಬಂತು. ಎಲೆಯನ್ನು ಕೆಳಗಿಟ್ಟು ನನ್ನ ಮುಖವನ್ನು ನೋಡಿದಳು. ಎಷ್ಟೋ ತಿಂಗಳ ಮೇಲೆ ಅವಳ ಕಣ್ಣಿಗೆ ನಾನು ನಾನಾಗಿಯೇ ಕಂಡೆ.

"ಶೀನ್ಯಾ, ಎದ್ದೇಳು."

ಮೊಣಕಾಲು ಹಿಡಿದುಕೊಂಡು, ಗೋಡೆಗೆ ಕೈ ಕೊಟ್ಟು ಎದ್ದೆ. ಮೌಶಿ ಮುಂದಕ್ಕೆ ಬಗ್ಗಿ ನಾನು ಕುಳಿತಿದ್ದ ಜಾಗವನ್ನು ಅಂಗೈಯಿಂದ ಸವರಿದಳು. ಚಾಪೆಯ ಅಂಚು ಎತ್ತಿ ನೋಡಿದಳು. ಮತ್ತೆ ಸವರಿದಳು. ಅಲ್ಲಿ ಏನೂ ಇರಲಿಲ್ಲ.